ಕೀಲಿನ ನೋವೋ, ನರದ ನೋವೋ?

ಸಂಧಿವಾತವಿರುವ ಮನೆಗಳಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳು

ನನ್ನ ಹಿರಿಯ ಅಕ್ಕನವರಿಗೆ ನಲವತ್ತರ ಪ್ರಾಯದಲ್ಲಿ ಸಂಧಿವಾತ ಕಾಣಿಸಿಕೊಂಡಿತು. ಬೆಳಗಿನ ಜಾವ ಎದ್ದರೆ ಬೆರಳುಗಳು ಮಡಚಲು ಬಾರವು. ಹದಿನಾರು ಮಂದಿಯ ಮನೆಗೆ ರೊಟ್ಟಿ ಬಡಿದ ಕೈಗಳು ಬಿಸಿಲೇರಿದ ಮೇಲೆಯೇ ಅವರ ಮಾತು ಕೇಳುತ್ತಿದ್ದವು. ಔಷಧಿಯಾಯಿತು, ಎಣ್ಣೆಯಾಯಿತು, ಪಥ್ಯವಾಯಿತು. ವರ್ಷಗಳು ಉರುಳಿದಂತೆ ಮನೆಯವರೆಲ್ಲರೂ ಅವರ ನೋವಿಗೆ ಒಗ್ಗಿಹೋದೆವು. ಪರರ ನೋವಿಗೆ ಮನುಷ್ಯರು ಎಷ್ಟು ಬೇಗ ಒಗ್ಗಿಕೊಳ್ಳುತ್ತಾರೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಹೀಗಿರಲು ಒಂದು ಚಳಿಗಾಲದಲ್ಲಿ ಅವರು ಹೊಸದೊಂದು ಮಾತನ್ನು ಹೇಳತೊಡಗಿದರು. “ತಮ್ಮಾ, ರಾತ್ರಿ ಕೈ ಜೋಮು ಹಿಡೀತದ. ಎದ್ದು ಝಾಡಿಸಿದ್ರ ಸ್ವಲ್ಪ ಹಗುರಾಗ್ತದ” ಎಂದರು. ನಾನು ಪುಸ್ತಕದಿಂದ ಕಣ್ಣು ತೆಗೆಯದೆಯೇ, “ವಾತ ಅಂದಮ್ಯಾಲೆ ಇದೆಲ್ಲಾ ಇದ್ದದ್ದ ಅಕ್ಕಾ” ಎಂದೆ. ಆ ರಾತ್ರಿಯೂ ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ಎರಡು ವರ್ಷ ಹೀಗೆಯೇ ಕಳೆಯಿತು. ಆಮೇಲೆ ಒಮ್ಮೆ ಬೇರೊಂದು ಕಾರಣಕ್ಕಾಗಿ ಪಟ್ಟಣದ ವೈದ್ಯರಲ್ಲಿಗೆ ಹೋದಾಗ ಅವರು ಅಕ್ಕನವರ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ, “ಜೋಮು ಹಿಡಿಯುವುದು ಯಾವ ಬೆರಳುಗಳಿಗೆ ತಾಯಿ?” ಎಂದು ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂದರು ಅಕ್ಕ. ಕಿರುಬೆರಳಿಗೆ ಎಂದೂ ಇಲ್ಲ. ವೈದ್ಯರು ನನಗೆ ಹೆಬ್ಬೆರಳಿನ ಬುಡವನ್ನು ತೋರಿಸಿದರು. ಅಲ್ಲಿ ಉಬ್ಬಿರಬೇಕಾದ ಮಾಂಸಖಂಡ ಇಳಿದು ಹಳ್ಳ ಬಿದ್ದಿತ್ತು. ಅದು ಕೀಲಿನ ನೋವಾಗಿರಲಿಲ್ಲ, ಮಣಿಕಟ್ಟಿನಲ್ಲಿ ಅದುಮಿಹೋದ ನರದ ಕೂಗಾಗಿತ್ತು. ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಜೋಮು ಹೋಯಿತು, ರಾತ್ರಿಯ ನಿದ್ರೆ ಮರಳಿತು. ಆದರೆ ಇಳಿದುಹೋದ ಮಾಂಸ ಪೂರ್ತಿಯಾಗಿ ಮರಳಲಿಲ್ಲ. ಅಂದಿನಿಂದ ಅವರು ಸೂಜಿಗೆ ದಾರ ಪೋಣಿಸಲಿಲ್ಲ.

ಶಬ್ದಗಳ ಅರ್ಥವನ್ನು ಇತರರಿಗೆ ಹೇಳಿಕೊಡುವುದನ್ನೇ ಜೀವನದ ಕಾಯಕವಾಗಿಸಿಕೊಂಡ ನಾನು, ಸ್ವಂತ ಮನೆಯಲ್ಲಿ ಅಕ್ಕ ಆಡಿದ ಒಂದು ಶಬ್ದದ ಅರ್ಥವನ್ನು ವಿಚಾರಿಸಲಿಲ್ಲ. ‘ಜೋಮು’ ಎಂದು ಅವರು ಹೇಳಿದರು, ‘ವಾತ’ ಎಂದು ನಾನು ಕೇಳಿಸಿಕೊಂಡೆ. ನಾನು ವೈದ್ಯನಲ್ಲ. ಆದರೂ ಅಂದಿನಿಂದ ಈ ವಿಷಯದಲ್ಲಿ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ರೋಗದ ಸ್ವರೂಪ

ನಮ್ಮ ಮನೆಮಾತಿನಲ್ಲಿ ‘ವಾತ’ ಎಂಬ ಒಂದೇ ಹೆಸರಿನಡಿ ಹಲವು ಬೇನೆಗಳು ಅಡಗಿವೆ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಒಂದು ಬಗೆ. ಇಲ್ಲಿ ಹೇಳಹೊರಟಿರುವುದು ಅದಲ್ಲ. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ಸಂಧಿವಾತವೇ ಬೇರೆ. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ಶರೀರದ ರಕ್ಷಣಾಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಒಳಪದರದ ಮೇಲೆ ಎರಗುವುದು ಇದರ ಮೂಲ. ಆ ಪದರ ಬಾತುಕೊಂಡು ದಪ್ಪವಾಗಿ, ಕ್ರಮೇಣ ಎಲುಬನ್ನೂ ಕಟ್ಟುಗಳನ್ನೂ ಕೊರೆಯುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಬಾಯುವುದು, ಬೆಳಗಿನ ಬಿಗಿತ ಗಂಟೆಗೂ ಮಿಕ್ಕಿ ಉಳಿಯುವುದು ಇದರ ಗುರುತು. ಇನ್ನೂರು ಮಂದಿ ವಯಸ್ಕರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಪಶ್ಚಿಮದಲ್ಲಿ 1800ರಲ್ಲಿ ಪ್ಯಾರಿಸ್ಸಿನ ಲಾಂಡ್ರೆ-ಬೋವೆ ಎಂಬ ವೈದ್ಯನು ಒಂಬತ್ತು ಮಂದಿ ಸ್ತ್ರೀಯರಲ್ಲಿ ಇದನ್ನು ಕಂಡು ತನ್ನ ಪ್ರಬಂಧದಲ್ಲಿ ವರ್ಣಿಸಿದನು. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಇಂದಿನ ಹೆಸರನ್ನು ಕೊಟ್ಟನು. ನಮ್ಮಲ್ಲಿ ಅದಕ್ಕೂ ಸಾವಿರ ವರ್ಷಗಳ ಹಿಂದೆಯೇ ಮಾಧವನಿದಾನವೆಂಬ ಗ್ರಂಥ ‘ಆಮವಾತ’ವನ್ನು ಪ್ರತ್ಯೇಕ ವ್ಯಾಧಿಯಾಗಿ ಎಣಿಸಿ, ಆ ವೇದನೆಯನ್ನು ಚೇಳಿನ ಕಡಿತಕ್ಕೆ ಹೋಲಿಸಿದೆ. ಪ್ರಾಚೀನರು ‘ನೋವು’ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಎಂಥ ನೋವು ಎಂಬುದನ್ನೂ ಹೇಳಿದರು. ರೋಗವನ್ನು ಗುರುತಿಸುವವನಿಗೆ ಆ ‘ಎಂಥ’ ಎಂಬುದೇ ಮುಖ್ಯ.

ನೋವಿನ ಹೆಸರುಗಳು

ಕನ್ನಡದಲ್ಲಿ ನೋವಿಗೆ ಹೆಸರುಗಳ ಬಡತನವಿಲ್ಲ. ಬಾವು, ಬಿಗಿತ, ಸೆಳೆತ, ಛಳಕು, ಉರಿ, ಚುಚ್ಚು, ಜುಮ್ಮು, ಜೋಮು, ಮರಗಟ್ಟುವುದು, ಇರುವೆ ಹರಿದಂತಾಗುವುದು ಎಂದು ನಮ್ಮ ತಾಯಂದಿರು ಎಷ್ಟು ಬಗೆಯಾಗಿ ಹೇಳುತ್ತಾರೆ! ಇವುಗಳಲ್ಲಿ ಬಾವು, ಬಿಗಿತ, ಮುಟ್ಟಿದರೆ ಬಿಸಿ, ಆಡಿಸಿದರೆ ನೋವು ಎಂಬಿವು ಕೀಲಿನ ಮಾತುಗಳು. ಉರಿ, ಜುಮ್ಮು, ಜೋಮು, ಕರೆಂಟು ಹೊಡೆದಂಥ ಛಳಕು, ಸೀರೆಯ ಸೆರಗು ತಾಗಿದರೂ ಸಹಿಸಲಾಗದ ನವಿರು ನೋವು ಎಂಬಿವು ಬಹುಮಟ್ಟಿಗೆ ನರದ ಮಾತುಗಳು. ಕೀಲಿನ ನೋವು ಕೀಲಿನಲ್ಲಿಯೇ ನಿಲ್ಲುತ್ತದೆ, ನರದ ನೋವು ನರ ಹರಿಯುವ ದಾರಿಯಲ್ಲಿ ಹರಿಯುತ್ತದೆ.

ಇಲ್ಲೊಂದು ಶಬ್ದದ ತೊಡಕಿದೆ. ಮುಂಗೈಯಲ್ಲಿ ಉಬ್ಬಿ ಕಾಣುವ ನೀಲಿ ರಕ್ತನಾಳವನ್ನೂ, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನೂ ನಾವು ‘ನರ’ವೆಂದೇ ಕರೆಯುತ್ತೇವೆ. ವೈದ್ಯರು ನರವೆನ್ನುವುದು ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು, ಸ್ಪರ್ಶದ ಸುದ್ದಿಯನ್ನು ಒಳಕ್ಕೂ ಚಲನೆಯ ಆಜ್ಞೆಯನ್ನು ಹೊರಕ್ಕೂ ಒಯ್ಯುವ ಎಳೆಗಳಿಗೆ. ಅದು ಕಣ್ಣಿಗೆ ಕಾಣದು, ತಿಕ್ಕಿದರೆ ಸಡಿಲಾಗದು. ‘ನರ ಹಿಡಿದಿದೆ’ ಎಂದು ಬಲವಾಗಿ ನೀವಿಸಿಕೊಳ್ಳುವವರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು.

ಕೀಲಿನ ರೋಗ ನರಕ್ಕೆ ಬಾಧೆ ಕೊಡುವುದು ಹೇಗೆ? ಮುಖ್ಯವಾಗಿ ಐದು ದಾರಿಗಳು: ಇಕ್ಕಟ್ಟಿನಲ್ಲಿ ನರ ಅದುಮಿಹೋಗುವುದು, ಕುತ್ತಿಗೆಯಲ್ಲಿ ಬೆನ್ನುಹುರಿಗೆ ಒತ್ತಡ ಬೀಳುವುದು, ನರಕ್ಕೆ ರಕ್ತ ಒಯ್ಯುವ ನಾಳಗಳು ಉರಿಯೂತಕ್ಕೆ ತುತ್ತಾಗುವುದು, ಪೋಷಕಾಂಶದ ಕೊರತೆ ಅಥವಾ ಔಷಧಿಯ ಪರಿಣಾಮ, ಕೊನೆಯದಾಗಿ ನೋವನ್ನು ಗ್ರಹಿಸುವ ವ್ಯವಸ್ಥೆಯೇ ಹದ ತಪ್ಪುವುದು. ಒಂದೊಂದನ್ನಾಗಿ ನೋಡೋಣ.

ಇಕ್ಕಟ್ಟಿನ ಓಣಿ

ಮಣಿಕಟ್ಟಿನಲ್ಲಿ ಎಲುಬುಗಳ ಮತ್ತು ಗಟ್ಟಿ ಪಟ್ಟಿಯೊಂದರ ನಡುವೆ ಇಕ್ಕಟ್ಟಾದ ಒಂದು ಓಣಿಯಿದೆ. ಅದರಲ್ಲಿ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ನರವೂ ಒತ್ತಾಗಿ ಸಾಗುತ್ತವೆ. ಸಂಧಿವಾತದಲ್ಲಿ ರಜ್ಜುಗಳ ಹೊದಿಕೆ ಬಾತುಕೊಂಡರೆ, ಹಿಗ್ಗಲಾರದ ಆ ಓಣಿಯಲ್ಲಿ ಮೆತ್ತಗಿರುವ ನರವೇ ಅದುಮಿಹೋಗುತ್ತದೆ. ಇದನ್ನೇ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಜೋಮು ಹಿಡಿಯುವುದು, ನಡುರಾತ್ರಿ ಎಚ್ಚರವಾಗುವುದು, ಕೈ ಝಾಡಿಸಿದರೆ ಹಗುರಾಗುವುದು ಇದರ ನಿಚ್ಚಳ ಲಕ್ಷಣಗಳು. ಕೆಲವೊಮ್ಮೆ ಕೀಲುಗಳ ಬೇನೆ ಎದ್ದು ಕಾಣುವ ಮೊದಲೇ ಇದು ಕಾಣಿಸಿಕೊಳ್ಳುವುದುಂಟು.

ಆರಂಭದಲ್ಲಿಯೇ ಗುರುತಿಸಿದರೆ, ರಾತ್ರಿ ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿಯುವ ಪಟ್ಟಿಯನ್ನು ಕಟ್ಟಿ ಮಲಗುವುದರಿಂದಲೂ, ಸಂಧಿವಾತದ ಮೂಲ ಔಷಧಿಯನ್ನು ಸರಿಪಡಿಸುವುದರಿಂದಲೂ, ಅಗತ್ಯವಿದ್ದರೆ ಒಂದು ಚುಚ್ಚುಮದ್ದಿನಿಂದಲೂ ಹಲವರಿಗೆ ಶಮನ ದೊರೆಯುತ್ತದೆ. ತಡವಾದಲ್ಲಿ ಆ ಪಟ್ಟಿಯನ್ನು ಕತ್ತರಿಸಿ ನರವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯೇ ದಾರಿ. ಹೆಬ್ಬೆರಳಿನ ಬುಡದ ಮಾಂಸ ಇಳಿದ ಮೇಲೆ ಮಾಡಿದ ಚಿಕಿತ್ಸೆ ನೋವನ್ನು ಕಳೆಯಬಹುದು, ಬಲವನ್ನು ಪೂರ್ತಿಯಾಗಿ ತಂದುಕೊಡುವ ಭರವಸೆಯಿಲ್ಲ. ಅಕ್ಕನವರ ಕೈ ಕಲಿಸಿದ ಪಾಠ ಇದೇ.

ಇಂಥ ಇಕ್ಕಟ್ಟುಗಳು ಬೇರೆಡೆಯೂ ಇವೆ. ಮೊಣಕೈಯ ಒಳಮಗ್ಗುಲಲ್ಲಿ ನರ ಅದುಮಿದರೆ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜುಮ್ಮೆನ್ನುತ್ತವೆ. ಪಾದದ ಒಳಗಂಟಿನ ಹಿಂದೆ ಅದುಮಿದರೆ ಅಂಗಾಲು ಉರಿಯುತ್ತದೆ. ಬೆರಳುಗಳನ್ನು ಇದ್ದಕ್ಕಿದ್ದಂತೆ ನೇರವಾಗಿ ಎತ್ತಲು ಬಾರದಿದ್ದರೆ ಒಂದೋ ಸವೆದ ರಜ್ಜು ಹರಿದಿರಬೇಕು, ಇಲ್ಲವೇ ಮೊಣಕೈಯ ಬಳಿ ನರ ಸಿಲುಕಿರಬೇಕು. ಯಾವುದೇ ಆದರೂ ದಿನಗಳನ್ನು ದೂಡುತ್ತ ಕೂಡತಕ್ಕದ್ದಲ್ಲ.

ಕುತ್ತಿಗೆಯ ಎಚ್ಚರ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವ ಸಮಯವಿದ್ದರೆ ಇದನ್ನು ಓದಿರೆಂದು ಬಂಧುಗಳಲ್ಲಿ ವಿನಂತಿ.

ತಲೆಬುರುಡೆಯ ಕೆಳಗಿರುವ ಮೊದಲ ಕಶೇರು ಒಂದು ಉಂಗುರದಂತಿದೆ. ಎರಡನೆಯ ಕಶೇರುವಿನಿಂದ ಮೇಲೆದ್ದ ಗೂಟವೊಂದು ಆ ಉಂಗುರದೊಳಗೆ ನಿಂತಿದೆ. ನಾವು ತಲೆಯನ್ನು ಅತ್ತಿತ್ತ ತಿರುಗಿಸಲು ಸಾಧ್ಯವಾಗುವುದು ಈ ಗೂಟದಿಂದ. ಗೂಟ ಹಿಂದಕ್ಕೆ ಸರಿಯದಂತೆ ಗಟ್ಟಿ ಕಟ್ಟೊಂದು ಅದನ್ನು ಬಿಗಿದಿಟ್ಟಿದೆ, ಅದರ ಹಿಂದೆಯೇ ಬೆನ್ನುಹುರಿ ಇಳಿದುಹೋಗಿದೆ. ಬಹುಕಾಲದ ಸಂಧಿವಾತದಲ್ಲಿ ಈ ಕಟ್ಟು ಸಡಿಲಾಗುವ, ಗೂಟ ಸವೆಯುವ ಸಂಭವವಿದೆ. ವಯಸ್ಕರಲ್ಲಿ ಉಂಗುರದ ಮುಂಭಾಗಕ್ಕೂ ಗೂಟಕ್ಕೂ ನಡುವಿನ ಅಂತರ ಸಾಮಾನ್ಯವಾಗಿ 3 ಮಿಲಿಮೀಟರಿಗೆ ಮೀರುವುದಿಲ್ಲ. ಕಟ್ಟು ಸಡಿಲಾದಾಗ ಕತ್ತು ಬಗ್ಗಿಸಿದೊಡನೆ ಈ ಅಂತರ ಹಿಗ್ಗಿ, ಬೆನ್ನುಹುರಿಯ ಜಾಗ ಕಿರಿದಾಗುತ್ತದೆ.

ಇದರ ಸೂಚನೆಗಳೇನು? ಕುತ್ತಿಗೆಯ ಮೇಲ್ಭಾಗದಿಂದ ಹಿಂದಲೆಗೆ ಏರುವ ನೋವು. ಕತ್ತು ಬಗ್ಗಿಸಿದಾಗ ಬೆನ್ನಗುಂಟ ಕೈಕಾಲುಗಳಿಗೆ ಕರೆಂಟು ಹರಿದಂತಾಗುವುದು. ಕುಪ್ಪಸದ ಹುಕ್ಕು ಹಾಕಲು, ಅಂಗಿಯ ಗುಂಡಿ ಹಚ್ಚಲು ಬೆರಳುಗಳು ತಡವರಿಸುವುದು. ನಡೆಯುವಾಗ ಕಾಲು ಭಾರವಾಗಿ ಮುಗ್ಗರಿಸುವುದು. ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು. ಕೀಲುಗಳು ಮೊದಲೇ ಸೊಟ್ಟಗಾದವರಲ್ಲಿ ಈ ದುರ್ಬಲತೆಯನ್ನು ‘ಹಳೆಯ ವಾತ’ವೆಂದೇ ತಿಳಿಯುವುದು ಸುಲಭ. ಅಪಾಯವಿರುವುದೂ ಅಲ್ಲಿಯೇ. ಹಿಂದೆ ಗೋಡೆ ಹಿಡಿದಾದರೂ ನಡೆಯುತ್ತಿದ್ದವರು ಕೆಲವೇ ವಾರಗಳಲ್ಲಿ ನಡೆಯಲಾರದಾದರೆ ಅದನ್ನು ವಯಸ್ಸಿನ ಮೇಲೆ ಹೊರಿಸಬಾರದು. ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ವೈದ್ಯರ ಎದುರಿನಲ್ಲಿ ಕತ್ತು ಬಗ್ಗಿಸಿ ತೆಗೆಯುವ ಎಕ್ಸ್‌ರೇ, ಅಗತ್ಯವಾದರೆ ಎಂ.ಆರ್.ಐ. ಪರೀಕ್ಷೆ ವಸ್ತುಸ್ಥಿತಿಯನ್ನು ತಿಳಿಸುತ್ತವೆ.

ಇದರಿಂದ ಎರಡು ನಿಯಮಗಳು ಹುಟ್ಟುತ್ತವೆ. ಮೊದಲನೆಯದು, ಸಂಧಿವಾತವಿರುವವರು ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ನೆಟಿಕೆ ಮುರಿಸಿಕೊಳ್ಳಬಾರದು. ಎಕ್ಸ್‌ರೇ ನೋಡದೆ ಯಾರೂ ಅವರ ಕುತ್ತಿಗೆಯನ್ನು ಎಳೆಯಬಾರದು, ತಿರುಚಬಾರದು. ಎರಡನೆಯದು, ಯಾವುದೇ ಕಾರಣಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸುವ ಶಸ್ತ್ರಚಿಕಿತ್ಸೆ ನಡೆಯುವುದಿದ್ದರೆ, ತಮಗೆ ಸಂಧಿವಾತವಿದೆಯೆಂದು ಅರಿವಳಿಕೆಯ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಉಸಿರಾಟದ ನಳಿಗೆ ಹಾಕುವಾಗ ಅವರು ಕತ್ತನ್ನು ಸರಿಸಬೇಕಾಗುತ್ತದೆ. ಮುಂಚೆ ತಿಳಿದಿದ್ದರೆ ಬೇರೆ ವಿಧಾನವನ್ನು ಅನುಸರಿಸಬಲ್ಲರು. ಈ ಒಂದು ವಾಕ್ಯವನ್ನು ಹೇಳಲು ಕಾಸು ಖರ್ಚಾಗುವುದಿಲ್ಲ.

ನರಕ್ಕೆ ರಕ್ತ ನಿಂತಾಗ

ನರಕ್ಕೂ ಅನ್ನ ಬೇಕು. ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳು ಅದಕ್ಕೆ ಆಹಾರ ಒಯ್ಯುತ್ತವೆ. ದೀರ್ಘಕಾಲದ, ತೀವ್ರವಾದ ಸಂಧಿವಾತವಿರುವ ಕೆಲವರಲ್ಲಿ ಈ ನಾಳಗಳಿಗೇ ಉರಿಯೂತ ತಗಲಿ ನರವು ರಕ್ತವಿಲ್ಲದೆ ಬಳಲುತ್ತದೆ. ಧೂಮಪಾನಿಗಳಲ್ಲಿ ಈ ಅಪಾಯ ಹೆಚ್ಚು. ಒಂದು ದಿನ ಬೆಳಿಗ್ಗೆ ಎದ್ದಾಗ ಪಾದವನ್ನು ಮೇಲೆತ್ತಲು ಬಾರದೆ ಚಪ್ಪಲಿಯ ತುದಿ ನೆಲಕ್ಕೆ ಉಜ್ಜುತ್ತದೆ, ಅಥವಾ ಮಣಿಕಟ್ಟು ಜೋತುಬೀಳುತ್ತದೆ. ಕೆಲದಿನಗಳಲ್ಲಿ ಇನ್ನೊಂದು ಕೈಯೋ ಕಾಲೋ ಹಾಗೆಯೇ ಆಗುತ್ತದೆ. ಜೊತೆಗೆ ಉಗುರಿನ ಸುತ್ತ ಕಪ್ಪು ಚುಕ್ಕೆಗಳು, ಕಾಲಿನಲ್ಲಿ ಮಾಯದ ಹುಣ್ಣುಗಳು ಕಾಣಬಹುದು. ಇದು ತುರ್ತುಸ್ಥಿತಿ. ಆಸ್ಪತ್ರೆಗೆ ಸೇರಿಸಿ ರಕ್ಷಣಾಶಕ್ತಿಯ ಅತಿರೇಕವನ್ನು ತಗ್ಗಿಸುವ ಬಲವಾದ ಔಷಧಿಗಳನ್ನು ಕೊಡಬೇಕಾಗುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ತೊಡಕು ಇಂದು ಮೊದಲಿಗಿಂತ ವಿರಳವಾಗಿದೆ. 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಮನ್ನಣೆ ಪಡೆದ ಮೆಥೊಟ್ರೆಕ್ಸೇಟ್ ಮತ್ತು ಅದರ ಬಳಿಕ ಬಂದ ಔಷಧಿಗಳು ರೋಗವನ್ನು ಆರಂಭದಲ್ಲಿಯೇ ಹಿಡಿದಿಡಲು ಸಹಾಯಕವಾಗಿವೆ. ಮೂಲರೋಗವನ್ನು ಹಿಡಿತದಲ್ಲಿಡುವುದೇ ನರಗಳಿಗೆ ಕೊಡುವ ಮೊದಲ ರಕ್ಷಣೆ.

ಊಟದ ತಟ್ಟೆ ಮತ್ತು ಔಷಧಿಯ ಪೆಟ್ಟಿಗೆ

ಈ ಪತ್ರಿಕೆಯನ್ನು ಓದುವ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ನರಗಳ ಹೊದಿಕೆ ಗಟ್ಟಿಯಾಗಿರಲು ಬಿ12 ಜೀವಸತ್ವ ಬೇಕು. ಅದು ಸಹಜವಾಗಿ ದೊರೆಯುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಸಸ್ಯಾಹಾರಿಗಳಿಗೆ ಹಾಲು ಮೊಸರುಗಳೇ ಆಧಾರ. ಅದರಲ್ಲಿಯೂ ಮನೆಯವರಿಗೆಲ್ಲ ಬಡಿಸಿ ಉಳಿದ ಮಜ್ಜಿಗೆಯ ತಿಳಿಯನ್ನೇ ಉಣ್ಣುವ ತಾಯಂದಿರಿಗೆ ಎಷ್ಟು ದಕ್ಕೀತು? ಸಾಲದೆಂಬಂತೆ, ನೋವಿನ ಗುಳಿಗೆಗಳಿಂದ ಹೊಟ್ಟೆ ಉರಿಯದಿರಲೆಂದು ವರ್ಷಗಟ್ಟಲೆ ನುಂಗುವ ಆಮ್ಲಶಾಮಕ ಗುಳಿಗೆಗಳು, ಸಕ್ಕರೆ ರೋಗಕ್ಕೆ ಕೊಡುವ ಮೆಟ್‌ಫಾರ್ಮಿನ್ ಇವೆರಡೂ ಬಿ12 ಮೈಗೆ ಹತ್ತುವುದನ್ನು ಕುಗ್ಗಿಸುತ್ತವೆ. ಅಂಗಾಲು ಉರಿಯುವುದು, ಪಾದದಿಂದ ಚಪ್ಪಲಿ ಕಳಚಿದ್ದು ತಿಳಿಯದಿರುವುದು, ಕತ್ತಲೆಯಲ್ಲಿ ತೂರಾಡುವುದು ಈ ಕೊರತೆಯ ಲಕ್ಷಣಗಳಾಗಿರಬಹುದು.

ಇನ್ನೊಂದು ಸೂಕ್ಷ್ಮವಿದೆ. ಮೆಥೊಟ್ರೆಕ್ಸೇಟ್ ಜೊತೆಗೆ ಫೋಲಿಕ್ ಆಮ್ಲದ ಗುಳಿಗೆ ಕೊಡುವುದು ವಾಡಿಕೆ, ಅದು ಅವಶ್ಯವೂ ಹೌದು. ಆದರೆ ಬಿ12 ಕೊರತೆಯಿಂದಾದ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಮರೆಮಾಚಬಲ್ಲದು. ರಕ್ತ ಚೆನ್ನಾಗಿದೆಯೆಂದು ನೆಮ್ಮದಿಯಾಗಿದ್ದಾಗಲೇ ನರಗಳು ಒಳಗೊಳಗೆ ಕೆಡುತ್ತಿರಬಹುದು. ಹಾಗೆಂದು ಫೋಲಿಕ್ ಆಮ್ಲವನ್ನು ನಿಲ್ಲಿಸಬಾರದು, ಬಿ12 ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು. ಕೊರತೆಯಿದ್ದರೆ ಗುಳಿಗೆಯಿಂದಲೋ ಚುಚ್ಚುಮದ್ದಿನಿಂದಲೋ ಸುಲಭವಾಗಿ ತುಂಬಿಕೊಳ್ಳಬಹುದು. ಬಹುಕಾಲ ಬಿಟ್ಟರೆ ಮಾತ್ರ ನಷ್ಟ ಶಾಶ್ವತವಾದೀತು.

ಔಷಧಿಗಳೂ ನರವನ್ನು ತಾಕುವುದುಂಟು. ಸಂಧಿವಾತಕ್ಕೆ ಬಳಸುವ ಲೆಫ್ಲುನೊಮೈಡ್ ಕೆಲವರ ಕೈಕಾಲುಗಳಲ್ಲಿ ಜೋಮು ಉರಿಗಳನ್ನು ಉಂಟುಮಾಡುತ್ತದೆ. ಬಹುದಿನದ ಸ್ಟೀರಾಯ್ಡಿನಿಂದ ಏರಿದ ಸಕ್ಕರೆಯೂ ನರಗಳಿಗೆ ಶತ್ರು. ಥೈರಾಯ್ಡ್ ಕುಂದಿದಾಗಲೂ ಮಣಿಕಟ್ಟಿನ ನರ ಅದುಮುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯಿದ್ದರೆ ಕುಷ್ಠರೋಗದ ಪರೀಕ್ಷೆಯನ್ನೂ ಮಾಡಿಸಬೇಕು. ಅದಕ್ಕೆ ಇಂದು ಪೂರ್ಣ ಗುಣಪಡಿಸುವ ಔಷಧಿಯಿದೆ, ನಾಚುವ ಕಾರಣವಿಲ್ಲ. ಹೆಸರು ಚೀಟಿಯಿಲ್ಲದ ಪುಡಿ ಪೊಟ್ಟಣಗಳ ವಿಷಯದಲ್ಲಿಯೂ ಜಾಗ್ರತೆ ಅಗತ್ಯ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ದೊರೆತವು. ಸೀಸವೂ ಆರ್ಸೆನಿಕ್ಕೂ ನರಗಳಿಗೆ ವಿಷ. ಇದು ಆಯುರ್ವೇದವೆಂಬ ಶಾಸ್ತ್ರದ ನಿಂದೆಯಲ್ಲ. ಏನು ಸೇವಿಸುತ್ತಿದ್ದೇವೆಂದು ಅರಿತು, ಅರ್ಹ ವೈದ್ಯರಿಂದಲೇ ಪಡೆದು, ಇನ್ನೊಬ್ಬ ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಬೇಕೆಂಬುದಷ್ಟೇ ಇಲ್ಲಿಯ ಅಭಿಪ್ರಾಯ.

ಬಾವು ಇಳಿದರೂ ಇಳಿಯದ ನೋವು

ಕೆಲವರಲ್ಲಿ ಔಷಧಿಯಿಂದ ಬಾವು ಇಳಿದಿರುತ್ತದೆ, ರಕ್ತಪರೀಕ್ಷೆ ಸರಿಯಾಗಿರುತ್ತದೆ, ವೈದ್ಯರು ಹಸನ್ಮುಖರಾಗಿರುತ್ತಾರೆ. ನೋವು ಮಾತ್ರ ಹಾಗೆಯೇ ಇರುತ್ತದೆ. ಮೈಯೆಲ್ಲ ಉರಿ, ಮುಟ್ಟಿದರೆ ನೋವು, ನಿದ್ರೆಯಿಲ್ಲ, ದಣಿವು. ಆಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿ, “ರಿಪೋರ್ಟು ಚಲೋ ಬಂದಾವಲ್ಲ, ಇನ್ನೇನು?” ಎನ್ನುತ್ತಾರೆ. ‘ಸುಮ್ಮನೆ ಮಾಡುತ್ತಾಳೆ’ ಎಂಬ ಮಾತೂ ಕೆಲವೆಡೆ ಬರುತ್ತದೆ. ಇದು ಅನ್ಯಾಯ.

ವರ್ಷಗಟ್ಟಲೆ ನೋವಿನ ಸುದ್ದಿಯನ್ನೇ ಹೊತ್ತ ನರವ್ಯೂಹ ಕಾಲಕ್ರಮದಲ್ಲಿ ತನ್ನ ಹದವನ್ನು ಕಳೆದುಕೊಂಡು, ಸಣ್ಣ ಸ್ಪರ್ಶವನ್ನೂ ನೋವೆಂದು ಹೇಳತೊಡಗುತ್ತದೆ. ಕಳ್ಳರು ಬಂದು ಹೋದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುವಂತೆ. ಅಂಗಾಂಶಕ್ಕೆ ಗಾಯವಾಗಿಯೂ ಅಲ್ಲದೆ, ನರ ಕೆಟ್ಟೂ ಅಲ್ಲದೆ ಹೀಗೆ ಹುಟ್ಟುವ ನೋವಿಗೆ 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಎಂದರೆ ಇದು ಕಲ್ಪನೆಯಲ್ಲ, ನಟನೆಯಲ್ಲ. ಇದನ್ನು ಗುರುತಿಸದಿದ್ದರೆ ಎರಡು ಬಗೆಯ ಕೇಡು. ಇಲ್ಲದ ಉರಿಯೂತಕ್ಕಾಗಿ ಬಲವಾದ ಔಷಧಿಗಳು ಏರುತ್ತ ಹೋಗುತ್ತವೆ, ಇಲ್ಲವೇ ರೋಗಿ ಅಪನಂಬಿಕೆಗೆ ಗುರಿಯಾಗಿ ಮೌನ ತಾಳುತ್ತಾಳೆ. ಎರಡನೆಯದು ಹೆಚ್ಚು ಕ್ರೂರವಾದುದು.

ಚಿಕಿತ್ಸೆಯ ಕ್ರಮ

ಪರೀಕ್ಷೆ ಆರಂಭವಾಗುವುದು ಮಾತಿನಿಂದ. ವೈದ್ಯರು ಹತ್ತಿಯಿಂದ, ಸೂಜಿಯ ಮೊನೆಯಿಂದ ಸ್ಪರ್ಶವನ್ನು ನೋಡುತ್ತಾರೆ, ಬಲವನ್ನು ಅಳೆಯುತ್ತಾರೆ. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುವ ಪರೀಕ್ಷೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಷ್ಟೇ ಅಲ್ಲದೆ ಅನೇಕ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಅದನ್ನು ಮಾಡುತ್ತಾರೆ.

ಅಂಗಡಿಯಲ್ಲಿ ಕೇಳಿ ತರುವ ಸಾಮಾನ್ಯ ನೋವಿನ ಗುಳಿಗೆಗಳು ನರದ ನೋವಿಗೆ ಅಷ್ಟಾಗಿ ಬಗ್ಗುವುದಿಲ್ಲ. ಬಗ್ಗಲಿಲ್ಲವೆಂದು ಒಂದಕ್ಕೆ ಎರಡು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ನರದ ವೇದನೆಗೆಂದೇ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಮುಂತಾದ ಬೇರೆ ಗುಳಿಗೆಗಳಿವೆ. ವೈದ್ಯರು ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ಫಲ ನೋಡಿ ಹೆಚ್ಚಿಸುತ್ತಾರೆ ಅಥವಾ ಬದಲಿಸುತ್ತಾರೆ. ಇವುಗಳಲ್ಲಿ ಕೆಲವು ಖಿನ್ನತೆಗೂ ಕೊಡುವ ಔಷಧಿಗಳು. ‘ನನಗೆ ತಲೆ ಕೆಟ್ಟಿದೆಯೇ?’ ಎಂದು ನೊಂದು ಬಿಸಾಡಬೇಕಾಗಿಲ್ಲ. ಮಂಪರು, ತಲೆಸುತ್ತು ಬರಬಹುದಾದ್ದರಿಂದ ವೃದ್ಧರು ರಾತ್ರಿ ಏಳುವಾಗ ಜೋಪಾನವಾಗಿರಬೇಕು. ಇವು ಸಂಧಿವಾತವನ್ನು ತಡೆಯುವ ಔಷಧಿಗಳಲ್ಲ, ಆದ್ದರಿಂದ ಮೂಲ ಔಷಧಿಯನ್ನು ಬಿಡಬಾರದು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಗುಳಿಗೆ. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯವಿದೆ. ಪಂಚಾಂಗದ ಮೇಲೆ ಆ ವಾರವನ್ನು ಗುರುತು ಹಾಕಿಟ್ಟುಕೊಳ್ಳುವುದು ಲೇಸು.

ಕಾವು ಕೊಡುವ ರೂಢಿ ನಮ್ಮಲ್ಲಿದೆ. ಬಿಗಿದ ಕೀಲಿಗೆ ಹಿತವಾದ ಬೆಚ್ಚನೆಯ ನೀರು ಒಳ್ಳೆಯದೇ. ಆದರೆ ಜೋಮು ಹಿಡಿದ ಅಂಗಕ್ಕೆ ಸುಡುವ ಅರಿವು ಇರುವುದಿಲ್ಲ. ಕಾಯಿಸಿದ ಇಟ್ಟಿಗೆ, ಬಿಸಿ ಮರಳಿನ ಗಂಟು, ಕುದಿನೀರಿನ ಚೀಲಗಳಿಂದ ಚರ್ಮ ಸುಟ್ಟು ಹುಣ್ಣಾದೀತು. ಕಾವು ಕೊಡುವ ಮೊದಲು ಮನೆಯ ಇನ್ನೊಬ್ಬರು ತಮ್ಮ ಕೈಯಿಂದ ಬಿಸಿಯನ್ನು ಮುಟ್ಟಿ ನೋಡಬೇಕು. ಸ್ಪರ್ಶ ಕುಂದಿದ ಪಾದಗಳನ್ನು ದಿನವೂ ಒಮ್ಮೆ ಬೆಳಕಿನಲ್ಲಿ ಪರೀಕ್ಷಿಸಬೇಕು, ಬರಿಗಾಲಿನಲ್ಲಿ ನಡೆಯಬಾರದು.

ಮನೆಯವರು ಮಾಡಬೇಕಾದದ್ದು

ನೋವಿನ ಗುರುತುಗಳನ್ನು ವೈದ್ಯರ ಬಳಿಗೆ ಒಯ್ಯುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಆಸ್ಪತ್ರೆಯ ಸಾಲಿನಲ್ಲಿ ದಿನವೆಲ್ಲ ಕುಳಿತು, ಕೊನೆಗೆ ದೊರೆಯುವ ನಾಲ್ಕು ನಿಮಿಷಗಳಲ್ಲಿ “ಎಲ್ಲಾ ನೋವು ಡಾಕ್ಟ್ರ” ಎಂದರೆ ಅವರಾದರೂ ಏನು ಮಾಡಿಯಾರು? ಹೋಗುವ ಮೊದಲು ಮನೆಯಲ್ಲಿ ಕುಳಿತು ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಣ. ನೋವು ಎಂಥದು: ಬಾವೋ, ಉರಿಯೋ, ಜೋಮೋ, ಛಳಕೋ? ಎಲ್ಲಿ: ಯಾವ ಬೆರಳು, ಪಾದದ ಯಾವ ಭಾಗ? ಯಾವಾಗ: ಬೆಳಿಗ್ಗೆಯೋ, ನಡುರಾತ್ರಿಯೋ, ಕತ್ತು ಬಗ್ಗಿಸಿದಾಗಲೋ? ಏನು ಮಾಡಲು ಹಿಂದೆ ಬರುತ್ತಿತ್ತು, ಈಗ ಬಾರದು? ಯಾವ ಯಾವ ಔಷಧಿ, ಪುಡಿ, ಗುಳಿಗೆಗಳು ನಡೆಯುತ್ತಿವೆ? ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯಬೇಕು, ನಮ್ಮ ಮಾತಿಗೆ ತಿರುಗಿಸಬಾರದು. ‘ಜೋಮು’ ಎಂದರೆ ‘ಜೋಮು’ ಎಂದೇ ಬರೆಯಬೇಕು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ನೋವನ್ನು ಹೇಳಿಕೊಳ್ಳದಿರುವುದನ್ನೇ ಸದ್ಗುಣವೆಂದು ಹೊಗಳುತ್ತ ಬಂದಿದ್ದೇವೆ. ‘ಎಷ್ಟು ಸಹನೆ!’ ಎನ್ನುತ್ತೇವೆ. ಸಹನೆ ದೊಡ್ಡದು, ನಿಜ. ಆದರೆ ಅದುಮಿಹೋಗುತ್ತಿರುವ ನರಕ್ಕೆ ಸಹನೆ ಮದ್ದಲ್ಲ, ಅದಕ್ಕೆ ಬೇಕಾದುದು ಕಾಲ ಮೀರದೆ ಆಡಿದ ಮಾತು ಮತ್ತು ಅದನ್ನು ಕೇಳುವ ಕಿವಿ.

ಅಕ್ಕನವರು ಈಗಲೂ ನಮ್ಮೊಡನಿದ್ದಾರೆ. ಎಡಗೈಯಲ್ಲಿ ಅದೇ ಜೋಮು ಕಾಣಿಸಿದಾಗ ಎರಡು ವರ್ಷ ಕಾಯಲಿಲ್ಲ. ಆ ವಾರವೇ ಹೋದೆವು, ರಾತ್ರಿಯ ಪಟ್ಟಿ ಮತ್ತು ಔಷಧಿಯ ಬದಲಾವಣೆಯಿಂದಲೇ ಅದು ಶಮನವಾಯಿತು. ಆ ಕೈಯ ಹೆಬ್ಬೆರಳಿನ ಬುಡ ಇನ್ನೂ ತುಂಬಿಕೊಂಡೇ ಇದೆ. ಬಲಗೈಯನ್ನು ನೋಡಿದಾಗಲೆಲ್ಲ ನನಗೆ ಪುಸ್ತಕದಿಂದ ಕಣ್ಣೆತ್ತದೆ ಆಡಿದ ಆ ಮಾತು ನೆನಪಾಗುತ್ತದೆ. ಈ ಲೇಖನವನ್ನು ಓದಿ ಮುಗಿಸಿದ ಬಂಧುಗಳು ಪತ್ರಿಕೆಯನ್ನು ಮಡಿಸಿಟ್ಟು, ಮನೆಯಲ್ಲಿ ‘ವಾತ’ವೆಂದು ಸುಮ್ಮನಾಗಿರುವ ಹಿರಿಯರೊಬ್ಬರಿದ್ದರೆ ಅವರ ಬಳಿ ಹೋಗಿ ಕುಳಿತು, “ಯಾವ ಬೆರಳು?” ಎಂದು ಕೇಳಬೇಕೆಂಬುದೇ ನನ್ನ ಪ್ರಾರ್ಥನೆ.